ಬಲ್ಲವರ ತಲೆಯಲ್ಲಿ ಏನಿದೆ?
ಪರಿಣತಿ ಬೆಳೆಯುವ ಬಗೆ ಮತ್ತು ನಮ್ಮ ಓದು



"ಅವಳಿಗೆ ಒಂದ್ಸಲ ಹೇಳಿದ್ರೆ ಸಾಕು, ಅರ್ಥ ಆಗುತ್ತೆ. ನಾನು ಹತ್ತು ಸಲ ಓದಿದ್ರೂ ನಿಲ್ಲಲ್ಲ. ನನಗೆ ವಿಜ್ಞಾನದ ತಲೆ ಇಲ್ಲ."

ಈ ಮಾತು ಎಲ್ಲ ಶಾಲೆಗಳಲ್ಲೂ ಕೇಳಿಬರುತ್ತದೆ. ಪರೀಕ್ಷೆ ಹತ್ತಿರ ಬಂದ ಹಾಗೆ ಇನ್ನೂ ಜೋರಾಗುತ್ತದೆ. ಹತ್ತನೇ ತರಗತಿ ಮುಗಿದ ಮೇಲೆ ವಿಜ್ಞಾನ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳುವವರಲ್ಲಿ ಕೆಲವರು ಇಷ್ಟಪಟ್ಟು ತೆಗೆದುಕೊಳ್ಳುತ್ತಾರೆ. ಅದು ಒಳ್ಳೆಯದೇ. ಆದರೆ ಕೆಲವರು "ನನಗೆ ತಲೆ ಇಲ್ಲ" ಅನ್ನೋ ಮಾತನ್ನು ನಂಬಿ ಬಿಟ್ಟುಬಿಡುತ್ತಾರೆ. ಒಂದು ಮಾತನ್ನು ನಂಬಿ ಬದುಕಿನ ದಾರಿಯನ್ನೇ ಬದಲಿಸುವ ಮೊದಲು, ಆ ಮಾತು ನಿಜವೋ ಸುಳ್ಳೋ ಅಂತ ಪರೀಕ್ಷೆ ಮಾಡಬೇಕಲ್ವಾ? ಈ ಪಾಠದಲ್ಲಿ ಅದನ್ನೇ ಮಾಡೋಣ. ಒಂದು ವಿಷಯವನ್ನು ಚೆನ್ನಾಗಿ ಬಲ್ಲವರ ತಲೆಯಲ್ಲಿ ನಿಜವಾಗಿ ಏನಿರುತ್ತದೆ? ಅದು ಅಲ್ಲಿಗೆ ಹೇಗೆ ಬಂತು? ನಾವೂ ಅದನ್ನು ಸಂಪಾದಿಸಬಹುದೇ?

ಮಾಡಿ ನೋಡಿ – 1

ಕೆಳಗಿನ ಅಂಕಿಗಳನ್ನು ಹತ್ತು ಸೆಕೆಂಡು ಮಾತ್ರ ನೋಡಿ. ಆಮೇಲೆ ಪುಟ ಮುಚ್ಚಿ, ಅದೇ ಕ್ರಮದಲ್ಲಿ ಬರೆಯಿರಿ.

1 9 3 4 1 9 4 7 1 9 5 6

ಬಿಡಿ ಅಂಕಿಗಳಾಗಿ ಓದಿದವರಿಗೆ ಏಳೆಂಟು ಅಂಕಿ ದಾಟುವುದು ಕಷ್ಟವಾಗಿರಬಹುದು. ಈಗ ಅದೇ ಸಾಲನ್ನು ಹೀಗೆ ನೋಡಿ: 1934 – 1947 – 1956. ಮೆಟ್ಟೂರು ಅಣೆಕಟ್ಟು ಮುಗಿದ ವರ್ಷ, ಸ್ವಾತಂತ್ರ್ಯ ಬಂದ ವರ್ಷ, ಭಾಷೆಯ ಆಧಾರದ ಮೇಲೆ ರಾಜ್ಯಗಳು ಮರುವಿಂಗಡಣೆಯಾದ ವರ್ಷ. ಹನ್ನೆರಡು ಅಂಕಿ ಹೋಗಿ ಮೂರೇ ಸಂಗತಿಗಳಾದವು! ನಾಳೆ ಬೆಳಿಗ್ಗೆ ಕೇಳಿದರೂ ಹೇಳುತ್ತೀರಿ.

ಹತ್ತು ಸೆಕೆಂಡಿನಲ್ಲಿ ನಿಮ್ಮ ಮೆದುಳೇನೂ ದೊಡ್ಡದಾಗಲಿಲ್ಲ. ಬಿಡಿಬಿಡಿಯಾಗಿದ್ದ ಅಂಕಿಗಳು ಮೊದಲೇ ಗೊತ್ತಿದ್ದ ಸಂಗತಿಗಳ ಜೊತೆ ಸೇರಿ ಕಟ್ಟುಗಳಾದವು, ಅಷ್ಟೇ. ಸೌದೆಯನ್ನು ಒಂದೊಂದೇ ಕಡ್ಡಿಯಾಗಿ ಎಷ್ಟು ಹೊರಬಹುದು? ಹಗ್ಗ ಹಾಕಿ ಕಟ್ಟಿದರೆ ಎಷ್ಟು ಹೊರಬಹುದು? ಇದೂ ಹಾಗೇನೇ.

ಎರಡು ಬಗೆಯ ನೆನಪು

ನಮಗೆ ಎರಡು ಬಗೆಯ ನೆನಪಿದೆ. ಈ ಕ್ಷಣದಲ್ಲಿ ಯೋಚಿಸುತ್ತಿರುವುದನ್ನು ಹಿಡಿದಿಟ್ಟುಕೊಳ್ಳುವುದು ಕಾರ್ಯನಿರತ ಸ್ಮರಣೆ. ವರ್ಷಗಟ್ಟಲೆ ಉಳಿಯುವುದು ದೀರ್ಘಕಾಲಿಕ ಸ್ಮರಣೆ. ಮೊದಲನೆಯದು ತುಂಬಾ ಚಿಕ್ಕದು. ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಅದರಲ್ಲಿ ಸುಮಾರು ಏಳು ಸಂಗತಿಗಳಷ್ಟೇ ನಿಲ್ಲುತ್ತವೆ ಎಂದರು. ನಂತರದ ಸಂಶೋಧಕರು ನಾಲ್ಕೇ ಎಂದೂ ಲೆಕ್ಕ ಹಾಕಿದ್ದಾರೆ. ಎರಡನೆಯದಕ್ಕೆ ಮಾತ್ರ ಇಂತಿಷ್ಟೇ ಎಂಬ ಮಿತಿಯನ್ನು ಯಾರೂ ಕಂಡಿಲ್ಲ.

ಬಲ್ಲವರ ಕಾರ್ಯನಿರತ ಸ್ಮರಣೆಯೂ ನಮ್ಮ ಹಾಗೆಯೇ ಚಿಕ್ಕದು. ಆದರೆ ಅವರ ದೀರ್ಘಕಾಲಿಕ ಸ್ಮರಣೆಯಲ್ಲಿ ಸಾವಿರಾರು ಕಟ್ಟುಗಳು ಸಿದ್ಧವಾಗಿರುತ್ತವೆ.

ನಂಬಿಕೆ ಬರಲಿಲ್ಲವೇ? ನಿಮ್ಮನ್ನೇ ನೋಡಿಕೊಳ್ಳಿ. ಧರ್ಮಪುರಿಯಿಂದ ಸೇಲಂ ಕಡೆಗೆ ಹೋಗುವ ದಾರಿಯಲ್ಲಿ "ಅದಿಯಮಾನ್‌ಕೋಟೆ" ಎಂಬ ಊರಿದೆ. ಈ ಹೆಸರನ್ನು ನೀವು ಈಗ ಹೇಗೆ ಓದಿದಿರಿ? ಒಂದೇ ನೋಟಕ್ಕೆ. ಒಂದನೇ ತರಗತಿಯ ಮಗು ಅದನ್ನೇ "ಅ... ದಿ... ಯ..." ಎಂದು ಕೂಡಿಸಿ ಓದುತ್ತದೆ. ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ತಮಿಳು ಮಾತ್ರ ಓದಬಲ್ಲವರಿಗೆ ಅದು ಬರೀ ಸುರುಳಿ ಗೆರೆ. ನಿಮಗೆ ಮಾತ್ರ ಅದು ಒಂದು ಊರು. ನಿಮ್ಮಲ್ಲಿ ಹಲವರು ಬಸ್ಸಿನ ಮೇಲಿನ ತಮಿಳು ಬೋರ್ಡನ್ನೂ ಅಷ್ಟೇ ಬೇಗ ಓದುತ್ತೀರಿ. ಅಂದರೆ ನೀವು ಈಗಾಗಲೇ ಪರಿಣತರು! ಆ ಪರಿಣತಿಯನ್ನು ಯಾರೂ ಹುಟ್ಟುವಾಗ ತರಲಿಲ್ಲ. ತಿದ್ದಿ, ಓದಿ, ತಪ್ಪಿ, ಮತ್ತೆ ಓದಿ ಬಂದದ್ದು.

ಚದುರಂಗದ ಮಣೆ ಹೇಳಿದ ಸತ್ಯ

ಈ ವಿಷಯದ ಮೇಲೆ ಒಂದು ಹೆಸರಾಂತ ಪ್ರಯೋಗ ನಡೆದದ್ದು ಚದುರಂಗದಲ್ಲಿ. ತಮಿಳುನಾಡು ಚದುರಂಗಕ್ಕೆ ಹೆಸರಾದ ರಾಜ್ಯ. 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ವಿಶ್ವನಾಥನ್ ಆನಂದ್ ಇಲ್ಲಿಯವರು. 2024ರಲ್ಲಿ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಗುಕೇಶ್ ಕೂಡ ಇಲ್ಲಿಯವರೇ. ಇಂಥವರ ನೆನಪಿನ ಶಕ್ತಿಯೇ ಬೇರೆ ಎಂದು ನಮಗೆ ಅನ್ನಿಸುತ್ತದೆ, ಅಲ್ವಾ?

ಇದನ್ನು ಮೊದಲು ಆಳವಾಗಿ ನೋಡಿದವರು ನೆದರ್ಲೆಂಡ್ಸಿನ ಅಡ್ರಿಯಾನ್ ಡಿ ಗ್ರೂಟ್, 1946ರಲ್ಲಿ. ಮುಂದೆ 1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಅದನ್ನು ಮುಂದುವರಿಸಿದರು. ನಿಜವಾದ ಒಂದು ಆಟದ ನಡುವಿನ ಮಣೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರು. "ಈಗ ನೆನಪಿನಿಂದ ಕಾಯಿಗಳನ್ನು ಜೋಡಿಸಿ" ಎಂದರು. ಮಣೆಯ ಮೇಲೆ ಸುಮಾರು 25 ಕಾಯಿಗಳಿದ್ದವು. ನುರಿತ ಆಟಗಾರ ಸುಮಾರು 16 ಕಾಯಿಗಳನ್ನು ಸರಿಯಾಗಿ ಇಟ್ಟರು. ಹೊಸಬರಿಗೆ ಬಂದದ್ದು ನಾಲ್ಕೇ.

ಇಷ್ಟಕ್ಕೇ ನಿಲ್ಲಿಸಿದ್ದರೆ "ನೋಡಿ, ಅವರ ತಲೆಯೇ ಬೇರೆ" ಎಂದು ನಾವೂ ಹೇಳಿಬಿಡುತ್ತಿದ್ದೆವು. ಆದರೆ ಅವರು ಇನ್ನೊಂದು ಪರೀಕ್ಷೆ ಮಾಡಿದರು. ಅದೇ ಕಾಯಿಗಳನ್ನು ಯಾವ ಆಟದಲ್ಲೂ ಬರದ ಹಾಗೆ ಮಣೆಯ ಮೇಲೆ ಎಲ್ಲೆಂದರಲ್ಲಿ ಚೆಲ್ಲಿ ತೋರಿಸಿದರು. ಈಗ ನುರಿತವರಿಗೂ ಹೊಸಬರಿಗೂ ಹೆಚ್ಚು ವ್ಯತ್ಯಾಸವೇ ಉಳಿಯಲಿಲ್ಲ! ಮೊದಲ ಸಲ ನುರಿತವರಿಗೆ ಕಂಡದ್ದು 25 ಬಿಡಿ ಕಾಯಿಗಳಲ್ಲ. "ರಾಜನ ಮುಂದೆ ಕಾಲಾಳುಗಳ ಕೋಟೆ", "ಕುದುರೆ ಎರಡು ಕಡೆ ಹೊಡೆಯುವ ಜಾಗ" ಎಂಬಂಥ ಪರಿಚಿತ ಕಟ್ಟುಗಳು. ಕಟ್ಟು ಬಿಚ್ಚಿಹೋದಾಗ ಅವರ ಜಾಣತನವೂ ಹೋಯಿತು.

ಇದಕ್ಕೆ ಪೂರಕವಾದ ಇನ್ನೊಂದು ಅಧ್ಯಯನ 1980ರಲ್ಲಿ ಪ್ರಕಟವಾಯಿತು. ಆಂಡರ್ಸ್ ಎರಿಕ್ಸನ್, ಚೇಸ್ ಮತ್ತು ಅವರ ಜೊತೆಗಾರರು ಒಬ್ಬ ಸಾಮಾನ್ಯ ಕಾಲೇಜು ವಿದ್ಯಾರ್ಥಿಗೆ ಅಂಕಿಗಳನ್ನು ಓದಿ ಹೇಳಿ ವಾಪಸು ಹೇಳಿಸುತ್ತಿದ್ದರು. ಮೊದಲು ಅವನಿಗೆ ಬರುತ್ತಿದ್ದದ್ದು ಏಳು ಅಂಕಿ. ಸುಮಾರು ಒಂದೂವರೆ ವರ್ಷದಲ್ಲಿ 230 ಗಂಟೆಗೂ ಹೆಚ್ಚು ಅಭ್ಯಾಸವಾದ ಮೇಲೆ 79 ಅಂಕಿ! ಅವನು ಓಟಗಾರ. ಹಾಗಾಗಿ ಅಂಕಿಗಳನ್ನು ಓಟದ ಸಮಯಗಳಾಗಿ ಕಟ್ಟುತ್ತಿದ್ದ. ಆಮೇಲೆ ಅಂಕಿಯ ಬದಲು ಅಕ್ಷರಗಳನ್ನು ಕೊಟ್ಟರು. ಮತ್ತೆ ಆರೇ ಅಕ್ಷರ! ಅವನಿಗೆ ಸಿಕ್ಕದ್ದು "ನೆನಪಿನ ಶಕ್ತಿ" ಅಲ್ಲ, ಅಂಕಿಗಳ ಪರಿಣತಿ. ಪರಿಣತಿ ಒಂದೊಂದು ವಿಷಯದಲ್ಲಿ ಬೇರೆ ಬೇರೆಯಾಗಿ ಬೆಳೆಯುತ್ತದೆ. ಆದ್ದರಿಂದ "ನನಗೆ ಇಂಗ್ಲಿಷ್ ಬರಲ್ಲ, ಹಾಗಾದ್ರೆ ವಿಜ್ಞಾನವೂ ಬರಲ್ಲ" ಅನ್ನೋ ಲೆಕ್ಕ ತಪ್ಪು.

ಮಾಡಿ ನೋಡಿ – 2

ಈಗ ನಮ್ಮ ಭೌತವಿಜ್ಞಾನಕ್ಕೆ ಬರೋಣ. ಕೆಳಗಿನ ಐದು ಪ್ರಶ್ನೆಗಳಿಗೆ ಉತ್ತರ ಬೇಡ. ಒಂದೇ ಬಗೆಯವನ್ನು ಒಟ್ಟಿಗೆ ಸೇರಿಸಿ ಗುಂಪು ಮಾಡಿ, ಸಾಕು.

ಅ) 5 ಮೀಟರ್ ಎತ್ತರದ ಕೊಂಬೆಯಿಂದ ಬಿದ್ದ ಮಾವಿನ ಹಣ್ಣು ನೆಲ ಮುಟ್ಟುವಾಗ ಎಷ್ಟು ವೇಗದಲ್ಲಿರುತ್ತದೆ?
ಆ) ಮೆಟ್ಟೂರು ಅಣೆಕಟ್ಟಿನಿಂದ ಇಳಿಯುವ ನೀರು ಟರ್ಬೈನ್ ತಿರುಗಿಸುತ್ತದೆ. ಆ ಶಕ್ತಿ ಎಲ್ಲಿತ್ತು?
ಇ) ತೊಪ್ಪೂರು ಘಾಟ್ ಇಳಿಯುವ ಲಾರಿಯ ಬ್ರೇಕ್ ಏಕೆ ಅಷ್ಟು ಬಿಸಿಯಾಗುತ್ತದೆ?
ಈ) ಸಮತಟ್ಟಾದ ರಸ್ತೆಯಲ್ಲಿ ನಿಂತಿರುವ 20,000 ಕಿ.ಗ್ರಾಂ. ಲಾರಿಯ ಮೇಲೆ 10,000 ನ್ಯೂಟನ್ ನಿವ್ವಳ ಬಲ ಬಿದ್ದರೆ ವೇಗೋತ್ಕರ್ಷ ಎಷ್ಟು?
ಉ) ನುಣುಪಾದ ಮೇಜಿನ ಮೇಲಿರುವ ಅರ್ಧ ಕಿ.ಗ್ರಾಂ. ಮಾವಿನ ಹಣ್ಣಿನ ಮೇಲೆ 1 ನ್ಯೂಟನ್ ನಿವ್ವಳ ಬಲ ಬಿದ್ದರೆ ವೇಗೋತ್ಕರ್ಷ ಎಷ್ಟು?

"ಲಾರಿಯ ಲೆಕ್ಕ ಎರಡು, ಮಾವಿನ ಹಣ್ಣಿನ ಲೆಕ್ಕ ಎರಡು, ಅಣೆಕಟ್ಟಿನದು ಒಂದು" ಎಂದು ಗುಂಪು ಮಾಡಿದಿರಾ? ಹೊಸದಾಗಿ ಕಲಿಯುವವರೆಲ್ಲ ಹೆಚ್ಚಾಗಿ ಹಾಗೇ ಮಾಡುತ್ತಾರೆ. 1981ರಲ್ಲಿ ಮಿಶೆಲಿನ್ ಚಿ ಮತ್ತು ಜೊತೆಗಾರರು ಅಮೆರಿಕದಲ್ಲಿ ಇಂಥದೇ ಪರೀಕ್ಷೆ ನಡೆಸಿದರು. ಆಗಷ್ಟೇ ಭೌತವಿಜ್ಞಾನ ಕಲಿತ ವಿದ್ಯಾರ್ಥಿಗಳು "ಇವು ಸ್ಪ್ರಿಂಗಿನ ಲೆಕ್ಕ, ಇವು ಇಳಿಜಾರಿನ ಲೆಕ್ಕ" ಎಂದು ಕಣ್ಣಿಗೆ ಕಂಡದ್ದನ್ನು ಹಿಡಿದು ವಿಂಗಡಿಸಿದರು. ಪರಿಣತರು "ಇವು ಶಕ್ತಿಯ ಸಂರಕ್ಷಣೆಯವು, ಇವು ನ್ಯೂಟನ್ನನ ಎರಡನೇ ನಿಯಮದವು" ಎಂದು ಒಳಗಿನ ತತ್ತ್ವ ಹಿಡಿದು ವಿಂಗಡಿಸಿದರು.

ನಮ್ಮ ಐದರಲ್ಲಿ ಅ, ಆ, ಇ ಒಂದು ಗುಂಪು. ಎತ್ತರದಲ್ಲಿದ್ದ ವಸ್ತುವಿನ ವಿಭವ ಶಕ್ತಿ ಇನ್ನೊಂದು ರೂಪ ತಾಳುತ್ತದೆ. ಹಣ್ಣಿನಲ್ಲಿ ಅದು ಚಲನ ಶಕ್ತಿ, ಅಣೆಕಟ್ಟಿನಲ್ಲಿ ವಿದ್ಯುತ್ತು, ಬ್ರೇಕಿನಲ್ಲಿ ಉಷ್ಣ. ಈ ಮತ್ತು ಉ ಇನ್ನೊಂದು ಗುಂಪು. ಅಲ್ಲಿ ಬೇಕಾದದ್ದು ಬಲ = ರಾಶಿ × ವೇಗೋತ್ಕರ್ಷ.

ಈ ಒಂದು ಕಟ್ಟು ಕೈಗೆ ಸಿಕ್ಕರೆ ಏನು ಲಾಭ, ನೋಡಿ. ಗುರುತ್ವ ವೇಗೋತ್ಕರ್ಷವನ್ನು 10 ಎಂದಿಟ್ಟುಕೊಂಡರೆ, 5 ಮೀಟರಿನಿಂದ ಬಿದ್ದ ಹಣ್ಣಿನ ವೇಗ ಸೆಕೆಂಡಿಗೆ 10 ಮೀಟರ್. ಅದೇ ತತ್ತ್ವದಿಂದ ಲಾರಿಯನ್ನೂ ನೋಡಬಹುದು. 20 ಟನ್ ಲಾರಿ ಒಂದೇ ವೇಗದಲ್ಲಿ 100 ಮೀಟರ್ ಎತ್ತರ ಇಳಿದರೆ 20,000 × 10 × 100, ಅಂದರೆ 2 ಕೋಟಿ ಜೂಲ್ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಅಷ್ಟು ಶಕ್ತಿಯಲ್ಲಿ ಸುಮಾರು 60 ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಯುವ ತನಕ ಕಾಯಿಸಬಹುದು! ಚಾಲಕ ಬ್ರೇಕನ್ನೇ ನಂಬಿ ಇಳಿದರೆ ಅಷ್ಟೂ ಬಿಸಿ ಬ್ರೇಕಿಗೇ ಸೇರುತ್ತದೆ. ಅತಿಯಾಗಿ ಕಾದ ಬ್ರೇಕ್ ಹಿಡಿಯುವುದಿಲ್ಲ. ಅದಕ್ಕೇ ಘಾಟಿನಲ್ಲಿ ಕೆಳಗಿನ ಗೇರಿನಲ್ಲಿ ಇಳಿಯಿರಿ ಎನ್ನುವುದು. ಆಗ ಎಂಜಿನ್ನೂ ತಡೆ ಒಡ್ಡಿ ಹೊರೆ ಹಂಚಿಕೊಳ್ಳುತ್ತದೆ. ತೊಪ್ಪೂರು ಘಾಟಿನ ಅಪಘಾತದ ಸುದ್ದಿ ಓದಿದಾಗ ನಿಮ್ಮ ಪಠ್ಯಪುಸ್ತಕದ ಒಂದು ಸಾಲು ಅಲ್ಲಿ ಕಂಡರೆ, ನಿಮ್ಮಲ್ಲಿ ಪರಿಣತಿ ಮೊಳಕೆ ಒಡೆದಿದೆ ಎಂದೇ ಅರ್ಥ.

ಮಗ್ಗ ಕಲಿಸುವ ಪಾಠ

ಸರಿ, ಈ ಕಟ್ಟುಗಳನ್ನು ಕಟ್ಟಿಕೊಳ್ಳುವುದು ಹೇಗೆ? ಬರೀ ಗಂಟೆಗಟ್ಟಲೆ ಕೂತರೆ ಸಾಕೇ?

ಸೇಲಂ ಪ್ರದೇಶದಲ್ಲಿ ಮನೆಯಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರ ಕುಟುಂಬಗಳಿವೆ. ಮಗ್ಗದ ಕೆಲಸವನ್ನು ಹತ್ತಿರದಿಂದ ನೋಡಿದವರು ಒಂದು ವಿಷಯ ಗಮನಿಸಿರಬಹುದು. ಲಾಳಿ ಓಡುತ್ತಿರುವಾಗ ಹಾಸಿನ ಒಂದು ಎಳೆ ತುಂಡಾದರೆ ನುರಿತ ನೇಕಾರರ ಕೈ ತಾನಾಗಿ ನಿಲ್ಲುತ್ತದೆ. ನಮ್ಮ ಕಣ್ಣಿಗೆ ಅಲ್ಲಿ ಏನೂ ಕಾಣುವುದಿಲ್ಲ. ಹೊಸದಾಗಿ ಕಲಿಯುವವರಿಗೆ ಮೊದಲ ದಿನವೇ ಸೀರೆ ನೇಯಲು ಕೊಡುವುದಿಲ್ಲ. ಮೊದಲು ಕಂಡಿಕೆ ಸುತ್ತುವುದು, ತುಂಡಾದ ಎಳೆಗೆ ಗಂಟು ಹಾಕುವುದು, ಆಮೇಲೆ ಸಾದಾ ನೇಯ್ಗೆ, ಅದಾದ ಮೇಲೆ ಅಂಚು. ಪ್ರತಿ ಹೆಜ್ಜೆಯಲ್ಲೂ ತಪ್ಪಿದರೆ ಬಟ್ಟೆಯೇ ತೋರಿಸಿಬಿಡುತ್ತದೆ. ಪಕ್ಕದಲ್ಲಿ ಹಿರಿಯರು ಇರುತ್ತಾರೆ. ಬಿಚ್ಚಿ ಮತ್ತೆ ನೇಯಬೇಕು.

ಎರಿಕ್ಸನ್ 1993ರಲ್ಲಿ ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನಲ್ಲಿದೆ. "10,000 ಗಂಟೆ ಅಭ್ಯಾಸ ಮಾಡಿದರೆ ಯಾರಾದರೂ ಪರಿಣತರಾಗುತ್ತಾರೆ" ಎಂಬ ಮಾತು ಅದರಿಂದಲೇ ಹುಟ್ಟಿ ಹಬ್ಬಿತು. ಆದರೆ ಎರಿಕ್ಸನ್ ಅದನ್ನು ಒಪ್ಪಲಿಲ್ಲ. ಬರೀ ಗಂಟೆಯ ಲೆಕ್ಕ ಸಾಲದು. ಬಾರದ ಭಾಗವನ್ನು ಆರಿಸಿಕೊಂಡು, ಅದರ ಮೇಲೇ ಗಮನವಿಟ್ಟು, ತಪ್ಪು ತಿಳಿದು ತಿದ್ದಿಕೊಳ್ಳುವ ಅಭ್ಯಾಸ ಬೇಕು. ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿಯ ಟಿ. ನಟರಾಜನ್ ಟೆನಿಸ್ ಬಾಲ್ ಕ್ರಿಕೆಟ್ಟಿನಿಂದ ಬೆಳೆದು 2020ರಲ್ಲಿ ಭಾರತ ತಂಡಕ್ಕೆ ಆಡಿದವರು. ಯಾರ್ಕರ್ ಎಸೆತಕ್ಕೆ ಹೆಸರಾದವರು. ಸಂಜೆ ಹೊತ್ತು ಸುಮ್ಮನೆ ಒಂದು ಮ್ಯಾಚ್ ಆಡುವುದಕ್ಕೂ, ಬ್ಯಾಟಿನ ಬುಡಕ್ಕೇ ಚೆಂಡು ಬೀಳುವ ಹಾಗೆ ಅದೊಂದನ್ನೇ ಮತ್ತೆ ಮತ್ತೆ ಎಸೆದು ನೋಡುವುದಕ್ಕೂ ಇರುವ ವ್ಯತ್ಯಾಸ ಆಡುವ ಮಕ್ಕಳಿಗೆ ಚೆನ್ನಾಗಿ ಗೊತ್ತು. ಎಲ್ಲರೂ ಹುಟ್ಟಿನಿಂದ ಒಂದೇ ಸಮ ಅಂತ ಇಲ್ಲಿ ಹೇಳುತ್ತಿಲ್ಲ. ಬೇಗ ಹಿಡಿಯುವವರು, ನಿಧಾನವಾಗಿ ಹಿಡಿಯುವವರು ಇದ್ದೇ ಇರುತ್ತಾರೆ. ಆದರೆ ಇಂಥ ಅಭ್ಯಾಸವಿಲ್ಲದೆ ಯಾರಿಗೂ ಪರಿಣತಿ ಬಂದಿಲ್ಲ.

ಈಗ ನಮ್ಮ ಓದಿನ ಕಡೆ ತಿರುಗಿ. ನೋಟ್ಸನ್ನು ಮೂರು ಸಲ ಓದುತ್ತೇವೆ. ಮೂರನೇ ಸಲ ಎಲ್ಲವೂ ಪರಿಚಿತ ಅನ್ನಿಸುತ್ತದೆ. "ಗೊತ್ತು, ಗೊತ್ತು" ಅಂದುಕೊಂಡು ಮುಂದೆ ಹೋಗುತ್ತೇವೆ. ಮಗ್ಗ ತಪ್ಪನ್ನು ತೋರಿಸುತ್ತದೆ. ತೆರೆದಿಟ್ಟ ಪುಸ್ತಕ ತೋರಿಸುವುದಿಲ್ಲ. ತಪ್ಪು ಕಾಣುವುದು ಪರೀಕ್ಷೆಯ ಕೊಠಡಿಯಲ್ಲಿ. ಅಷ್ಟು ಹೊತ್ತಿಗೆ ತಿದ್ದಲು ಸಮಯವಿಲ್ಲ. ಆದ್ದರಿಂದ ತಪ್ಪು ಮನೆಯಲ್ಲೇ ಕಾಣುವ ಹಾಗೆ ಓದಬೇಕು.

ಓದುವ ನಾಲ್ಕು ಕ್ರಮಗಳು

1. ಮುಚ್ಚಿ ಬರೆಯಿರಿ. ಒಂದು ಭಾಗ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆಯಿರಿ. ಆಮೇಲೆ ತೆರೆದು ಹೋಲಿಸಿ. ಬಿಟ್ಟುಹೋದದ್ದಕ್ಕೆ ಗುರುತು ಹಾಕಿ, ಅದನ್ನಷ್ಟೇ ಮತ್ತೆ ಓದಿ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಇದನ್ನು ಅಳೆದರು. ಒಂದೇ ಪಾಠವನ್ನು ಕೆಲವರು ಎರಡು ಸಲ ಓದಿದರು, ಕೆಲವರು ಒಂದು ಸಲ ಓದಿ ಒಂದು ಸಲ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದೆ: 81ಕ್ಕೆ 75. ಒಂದು ವಾರದ ನಂತರ ಕೇಳಿದಾಗ ಮುಚ್ಚಿ ಬರೆದವರಿಗೆ ನೂರಕ್ಕೆ 56, ಎರಡು ಸಲ ಓದಿದವರಿಗೆ 42. ಪರೀಕ್ಷೆಯ ಹಿಂದಿನ ರಾತ್ರಿಯ ಓದು ಏಕೆ ನಮ್ಮನ್ನು ಮೋಸ ಮಾಡುತ್ತದೆ ಎಂದು ಈಗ ತಿಳಿಯಿತೇ?

2. ಬಿಟ್ಟು ಬಿಟ್ಟು ಓದಿ. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ವೇಗವಾಗಿ ಮರೆತುಹೋಗುತ್ತದೆ ಎಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಒಂದೇ ದಿನ ನಾಲ್ಕು ಸಲ ಓದುವ ಬದಲು ಇವತ್ತು, ಎರಡು ದಿನ ಬಿಟ್ಟು, ಒಂದು ವಾರ ಬಿಟ್ಟು, ಒಂದು ತಿಂಗಳು ಬಿಟ್ಟು ಹತ್ತತ್ತು ನಿಮಿಷ ನೆನಪಿಸಿಕೊಳ್ಳಿ. ಸ್ವಲ್ಪ ಮರೆತು ಕಷ್ಟಪಟ್ಟು ನೆನಪಿಸಿಕೊಂಡದ್ದು ಹೆಚ್ಚು ಗಟ್ಟಿಯಾಗುತ್ತದೆ.

3. ಬೆರೆಸಿ ಮಾಡಿ. ಓಮ್ ನಿಯಮದ ಹತ್ತು ಲೆಕ್ಕ ಒಟ್ಟಿಗೆ ಮಾಡಿದರೆ ಹತ್ತನೆಯದು ಯೋಚಿಸದೆ ಬರುತ್ತದೆ. ಆದರೆ ಪ್ರಶ್ನೆಪತ್ರಿಕೆಯಲ್ಲಿ "ಇದು ಓಮ್ ನಿಯಮದ್ದು" ಎಂದು ಬರೆದಿರುವುದಿಲ್ಲ. ಮೂರು ಪಾಠಗಳ ಲೆಕ್ಕಗಳನ್ನು ಚೀಟಿಯಲ್ಲಿ ಬರೆದು ಕಲಸಿ, ಒಂದೊಂದೇ ಎತ್ತಿ. ಬಿಡಿಸುವ ಮೊದಲು "ಇದು ಯಾವ ತತ್ತ್ವದ್ದು? ಹೇಗೆ ಗೊತ್ತಾಯಿತು?" ಎಂದು ಒಂದು ಸಾಲು ಬರೆಯಿರಿ.

4. ಇನ್ನೊಬ್ಬರಿಗೆ ಹೇಳಿ. ಒಬ್ಬರು ಪುಸ್ತಕ ಹಿಡಿಯಲಿ, ಇನ್ನೊಬ್ಬರು ನೋಡದೆ ಹೇಳಲಿ. ಪುಸ್ತಕ ಹಿಡಿದವರು ಸುಮ್ಮನೆ ಕೂರದೆ "ಯಾಕೆ?" ಎಂದು ಕೇಳುತ್ತಿರಲಿ. ಚೆನ್ನಾಗಿ ಬಲ್ಲ ಗೆಳತಿಯ ಹತ್ತಿರ ಹೋದಾಗ "ಉತ್ತರ ತೋರಿಸು" ಅನ್ನಬೇಡಿ. "ಇದು ಇಂಥ ಲೆಕ್ಕ ಅಂತ ನಿನಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿ. ಬಲ್ಲವರಿಗೆ ಅದು ಎಷ್ಟು ಸಹಜವಾಗಿರುತ್ತದೆ ಎಂದರೆ, ಕೇಳದಿದ್ದರೆ ಹೇಳಲು ಅವರಿಗೂ ತೋಚುವುದಿಲ್ಲ.

ಇವುಗಳಿಗೆ ಟ್ಯೂಷನ್ ಬೇಡ, ದಪ್ಪ ಗೈಡೂ ಬೇಡ. ಕನ್ನಡದಲ್ಲಿ ವಿಜ್ಞಾನದ ಹೆಚ್ಚಿನ ಪುಸ್ತಕಗಳು ಸಿಗುವುದಿಲ್ಲ ಎಂದು ಗಡಿನಾಡಿನ ಮಕ್ಕಳು ಬೇಸರಪಡುವುದುಂಟು. ಆ ಬೇಸರ ನ್ಯಾಯವಾದದ್ದೇ. ಆದರೆ ಈ ನಾಲ್ಕಕ್ಕೂ ಬೇಕಾದದ್ದು ಪಠ್ಯಪುಸ್ತಕ, ಖಾಲಿ ಹಾಳೆ, ಒಬ್ಬ ಗೆಳೆಯ ಅಥವಾ ಗೆಳತಿ. ಅಷ್ಟು ಎಲ್ಲರಿಗೂ ಇದೆ.

ಮೂರು ಭಾಷೆ, ಒಂದೇ ಕಟ್ಟು

ನಮ್ಮ ಮಕ್ಕಳಿಗೆ ಇನ್ನೊಂದು ಭಯ ಇದೆ. "ಈಗ ಕನ್ನಡದಲ್ಲಿ ಕಲಿತದ್ದು ಮುಂದೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಓದಬೇಕಾದಾಗ ವ್ಯರ್ಥ ಆಗುತ್ತಾ?" ಬಾಯಿಪಾಠ ಮಾಡಿದ ಸಾಲುಗಳು ವ್ಯರ್ಥವಾಗಬಹುದು. ಅರ್ಥ ಮಾಡಿಕೊಂಡ ಕಟ್ಟು ವ್ಯರ್ಥವಾಗುವುದಿಲ್ಲ.

ಒಂದು ಉದಾಹರಣೆ ನೋಡಿ. ಕನ್ನಡದಲ್ಲಿ ದ್ಯುತಿಸಂಶ್ಲೇಷಣೆ. ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸುವುದು. ತಮಿಳಿನಲ್ಲಿ ಒಳಿಚ್ಚೇರ್ಕ್ಕೈ. ಒಳಿ ಎಂದರೆ ಬೆಳಕು, ಸೇರ್ಕ್ಕೈ ಎಂದರೆ ಸೇರಿಸುವುದು. ನಮ್ಮ "ಸೇರು" ಪದವೇ ಅದರಲ್ಲಿದೆ. ಇಂಗ್ಲಿಷಿನಲ್ಲಿ ಫೋಟೋಸಿಂಥೆಸಿಸ್. ಗ್ರೀಕ್ ಮೂಲದ ಫೋಟೋ ಎಂದರೆ ಬೆಳಕು, ಸಿಂಥೆಸಿಸ್ ಎಂದರೆ ಒಟ್ಟುಗೂಡಿಸುವುದು. ಮೂರೂ ಒಂದೇ ಮಾತು ಹೇಳುತ್ತಿವೆ! ಎಲೆ ಬೆಳಕಿನ ಶಕ್ತಿಯಿಂದ ನೀರನ್ನೂ ಕಾರ್ಬನ್ ಡೈಆಕ್ಸೈಡನ್ನೂ ಕೂಡಿಸಿ ಆಹಾರ ಮಾಡುತ್ತದೆ ಎಂದು ತಿಳಿದವರಿಗೆ ಇವು ಒಂದೇ ಕಟ್ಟಿಗೆ ತೂಗುಹಾಕಿದ ಮೂರು ಚೀಟಿ. ತಿಳಿಯದವರಿಗೆ ಮೂರು ಕಷ್ಟದ ಪದ.

ಹಾಗಾಗಿ ನೋಟ್ ಪುಸ್ತಕದ ಕೊನೆಯ ಪುಟಗಳಲ್ಲಿ ಮೂರು ಸಾಲು ಗೆರೆ ಎಳೆದು ಕನ್ನಡ, ತಮಿಳು, ಇಂಗ್ಲಿಷ್ ಪದಗಳನ್ನು ಅಕ್ಕಪಕ್ಕ ಬರೆಯುತ್ತಾ ಹೋಗಿ. ಬಲ – ವಿಸೈ – ಫೋರ್ಸ್. ಶಕ್ತಿ – ಆಟ್ರಲ್ – ಎನರ್ಜಿ. ಮಾತಿನಲ್ಲಿ "ಬಲ", "ಶಕ್ತಿ" ಎರಡನ್ನೂ ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ವಿಜ್ಞಾನದಲ್ಲಿ ಅವು ಬೇರೆ ಬೇರೆ. ಬೇರೆ ಭಾಷೆಯ ಪದ ಪಕ್ಕದಲ್ಲಿದ್ದರೆ ಆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಮೂರು ಭಾಷೆಗಳ ನಡುವೆ ಬೆಳೆಯುವುದು ಹೊರೆ ಅಂತ ಅನ್ನಿಸುವ ದಿನವೂ ಇರುತ್ತದೆ. ಆದರೆ ಒಂದು ಪದದ ಒಳಗನ್ನು ಬಿಚ್ಚಿ ನೋಡಲು ನಿಮಗೆ ಮೂರು ಕೀಲಿಕೈ ಇವೆ ಎನ್ನುವುದೂ ನಿಜ.

ಈ ವಾರ ಮಾಡಬೇಕಾದದ್ದು

ನಿಮಗೆ ಬಹಳ ಕಷ್ಟ ಅನ್ನಿಸುವ ಒಂದು ಪಾಠ ಆರಿಸಿ. ಇಡೀ ಪಾಠ ಬೇಡ, ಎರಡು ಪುಟ ಸಾಕು. ಸೋಮವಾರ ಓದಿ, ಮುಚ್ಚಿ ಬರೆಯಿರಿ. ಬುಧವಾರ ಓದದೆ ನೇರವಾಗಿ ಬರೆಯಿರಿ. ಮುಂದಿನ ಸೋಮವಾರ ಮತ್ತೆ ಓದದೆ ಬರೆಯಿರಿ. ಪ್ರತಿ ಸಲ ಬಿಟ್ಟುಹೋದ ಅಂಶಗಳನ್ನು ಎಣಿಸಿ, ದಿನಾಂಕದ ಜೊತೆ ಬರೆದಿಡಿ. ಬೇರೆ ಎರಡು ಪುಟಗಳನ್ನು ನಿಮ್ಮ ಹಳೆಯ ಕ್ರಮದಲ್ಲೇ ಓದಿ, ಆ ಮುಂದಿನ ಸೋಮವಾರವೇ ಅವನ್ನೂ ಒಂದು ಸಲ ನೋಡದೆ ಬರೆದು, ಬಿಟ್ಟುಹೋದದ್ದನ್ನು ಹೋಲಿಸಿ. ಇದು ನೀವು ನಿಮ್ಮ ಮೇಲೇ ಮಾಡುವ ಒಂದು ವಿಜ್ಞಾನ ಪ್ರಯೋಗ. ಫಲಿತಾಂಶವನ್ನು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.

ಮೊದಲ ಸಲ ಹಾಳೆ ಅರ್ಧ ಖಾಲಿ ಉಳಿದರೆ ಗಾಬರಿಯಾಗಬೇಡಿ. ಎಲ್ಲಿ ಖಾಲಿ ಉಳಿಯಿತೋ ಅಲ್ಲೇ ನಿಮ್ಮ ಮುಂದಿನ ಅರ್ಧ ಗಂಟೆಯ ಕೆಲಸ ಇದೆ. "ನನಗೆ ತಲೆ ಇಲ್ಲ" ಎನ್ನುವ ಬದಲು "ಈ ನಾಲ್ಕು ಅಂಶ ನನಗೆ ಇನ್ನೂ ಬಂದಿಲ್ಲ" ಎಂದು ಹೇಳಲು ಸಾಧ್ಯವಾದರೆ, ಅವನ್ನು ಕಲಿಯುವುದು ಹೇಗೆ ಎಂಬುದು ಈಗ ನಿಮಗೆ ಗೊತ್ತಿದೆ.

ಯೋಚಿಸಿ, ಉತ್ತರಿಸಿ

1. ಚದುರಂಗದ ಕಾಯಿಗಳನ್ನು ಎಲ್ಲೆಂದರಲ್ಲಿ ಚೆಲ್ಲಿದಾಗ ನುರಿತ ಆಟಗಾರರಿಗೂ ಏಕೆ ನೆನಪಿಡಲು ಆಗಲಿಲ್ಲ?
2. ನಿಮ್ಮ ಮನೆಯಲ್ಲಿ ಅಥವಾ ಊರಿನಲ್ಲಿ ಒಂದು ಕೆಲಸವನ್ನು ಚೆನ್ನಾಗಿ ಬಲ್ಲವರನ್ನು (ಕೃಷಿ, ಅಡುಗೆ, ನೇಯ್ಗೆ, ಹೊಲಿಗೆ, ಗಾರೆ ಕೆಲಸ) ಮಾತಾಡಿಸಿ. ನಮ್ಮ ಕಣ್ಣಿಗೆ ಕಾಣದ ಯಾವುದು ಅವರಿಗೆ ಕಾಣುತ್ತದೆ? ಅದನ್ನು ಅವರು ಹೇಗೆ ಕಲಿತರು?
3. ಹೊಗೇನಕಲ್ ಜಲಪಾತದಲ್ಲಿ ಬೀಳುವ ನೀರಿನ ಬಗ್ಗೆ ಎರಡು ಲೆಕ್ಕ ರಚಿಸಿ. ಒಂದು ಶಕ್ತಿಯ ಸಂರಕ್ಷಣೆಗೆ ಸೇರಲಿ, ಇನ್ನೊಂದು ಬೇರೆ ತತ್ತ್ವಕ್ಕೆ ಸೇರಲಿ.
4. ಮಾಡಿ ನೋಡಿ – 2ರ ಈ ಮತ್ತು ಉ ಪ್ರಶ್ನೆಗಳನ್ನು ಬಿಡಿಸಿ. (ಉತ್ತರ: ಈ – 0.5 ಮೀ/ಸೆ², ಉ – 2 ಮೀ/ಸೆ².)